ಚಿತ್ರದುರ್ಗ ಜಿಲ್ಲೆಯಲ್ಲಿ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ

ಚಿತ್ರದುರ್ಗ ಜಿಲ್ಲೆಯಲ್ಲಿ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಎಂಬುದು ಜಿಲ್ಲೆಯ ಕಾಡು, ಗುಡ್ಡ, ಗೋಮಾಳ ಮತ್ತು ಕಾವಲುಗಳಲ್ಲಿ ತಾನಾಗಿ ಬೆಳೆಯುವ ಹಣ್ಣು, ಬೀಜ, ಎಲೆ, ಹೂವು, ತೊಗಟೆ ಹಾಗೂ ಬೇರುಗಳನ್ನು ಮನೆಬಳಕೆಗೆ ಅಥವಾ ಮಾರಾಟಕ್ಕೆ ಆರಿಸಿ ತರುವ ರೂಢಿಯನ್ನು ಮತ್ತು ಅದನ್ನು ನಿಯಂತ್ರಿಸುವ ಕಾನೂನು ವ್ಯವಸ್ಥೆಯನ್ನು ಸೂಚಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲೂಕುಗಳಲ್ಲಿ ಸೀತಾಫಲ, ಹುಣಸೆ, ಹೊಂಗೆ, ಬೇವು, ನೆಲ್ಲಿ ಮೊದಲಾದವುಗಳ ಸಂಗ್ರಹ ಬಹುಕಾಲದಿಂದ ನಡೆದುಬಂದಿದೆ.

ಕಾಡಿನ ಫಲವನ್ನು ಕೀಳುವುದು ಕಾನೂನುಬದ್ಧವೇ ಎಂಬ ಪ್ರಶ್ನೆಗೆ ಎಲ್ಲ ಕಡೆಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಗಿಡ ನಿಂತಿರುವ ನೆಲ ಯಾವ ಬಗೆಯದು, ಆರಿಸುವವರು ಯಾರು, ಆರಿಸುವ ಉದ್ದೇಶ ಮನೆಬಳಕೆಯೋ ಮಾರಾಟವೋ ಎಂಬ ಮೂರು ಅಂಶಗಳ ಮೇಲೆ ಉತ್ತರ ನಿರ್ಧಾರವಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳ ಪಾಲಿಗೆ ಈ ಸಂಗ್ರಹವನ್ನು ಇಲಾಖೆ ನೀಡುವ ಅನುಮತಿಯ ಸ್ಥಾನದಿಂದ ಹಕ್ಕಿನ ಸ್ಥಾನಕ್ಕೆ ಏರಿಸಿತು. ಆದರೆ ಆ ಹಕ್ಕು ದಾಖಲೆಯಲ್ಲಿ ಮಾನ್ಯವಾಗಲು ಗ್ರಾಮ ಸಭೆಯ ಮೂಲಕ ಕ್ಲೇಮು ಸಲ್ಲಿಕೆಯಾಗಬೇಕು.

## ಭೌಗೋಳಿಕ ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯು ಕರ್ನಾಟಕದ ಒಣ ಪ್ರದೇಶಗಳಲ್ಲಿ ಒಂದು. ಜಿಲ್ಲೆಯ ಪೂರ್ವ ಭಾಗದ ಹಿರಿಯೂರು ಮತ್ತು ಚಳ್ಳಕೆರೆಗಳಲ್ಲಿ ಮಳೆ ತೀರ ಕಡಿಮೆ. ಪಶ್ಚಿಮದ ಹೊಳಲ್ಕೆರೆಯ ಕಡೆಗೆ ಮಳೆ ಸ್ವಲ್ಪ ಹೆಚ್ಚು. ಜಿಲ್ಲೆಯ ನಡುವೆ ಹಾದುಹೋಗುವ ಗುಡ್ಡಸಾಲಿನಲ್ಲಿ ಒಣ ಎಲೆಯುದುರುವ ಕಾಡೂ ಮುಳ್ಳುಪೊದೆಗಳ ಕುರುಚಲು ಕಾಡೂ ಇವೆ. ಚಿತ್ರದುರ್ಗ ನಗರದ ದಕ್ಷಿಣಕ್ಕಿರುವ ಜೋಗಿಮಟ್ಟಿ ಅರಣ್ಯ ಹಾಗೂ ಹಿರಿಯೂರು ತಾಲೂಕಿನಲ್ಲಿ ವೇದಾವತಿ ನದಿಗೆ ಕಟ್ಟಿರುವ ವಾಣಿವಿಲಾಸ ಸಾಗರದ ಸುತ್ತಲಿನ ಮಾರಿಕಣಿವೆ ಅರಣ್ಯ ಇವುಗಳಲ್ಲಿ ಮುಖ್ಯವಾದವು. ಈ ಕಾಡುಗಳಲ್ಲಿ ಕರಡಿ, ಚಿರತೆ, ನವಿಲುಗಳಿವೆ. ಕಾಡುಹಣ್ಣುಗಳು ಕರಡಿಗೂ ಆಹಾರವಾಗಿರುವುದರಿಂದ ಸಂಗ್ರಹದ ಕಾಲದಲ್ಲಿ ಮನುಷ್ಯ ಮತ್ತು ಕರಡಿ ಎದುರಾಗುವ ಸಂಭವವೂ ಇರುತ್ತದೆ.

ಗುಡ್ಡಗಳ ಅಂಚಿನಲ್ಲಿ ನಾಯಕ ಸಮುದಾಯಕ್ಕೆ ಸೇರಿದ ಮ್ಯಾಸಬೇಡರ ಹಟ್ಟಿಗಳು, ಕಾಡುಗೊಲ್ಲರ ಹಟ್ಟಿಗಳು ಮತ್ತು ಲಂಬಾಣಿ ತಾಂಡಾಗಳು ಇವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಲದ ಬೆಳೆಗಿಂತ ಕಾಡಿನ ಹಣ್ಣು ಮತ್ತು ಬೀಜಗಳೇ ಇಲ್ಲಿನ ಬಡ ಕುಟುಂಬಗಳ ಕೈಗೆ ನಗದು ಹಣ ತಂದುಕೊಡುತ್ತವೆ. ಈ ಕೆಲಸದಲ್ಲಿ ಹೆಂಗಸರು ಮತ್ತು ವಯಸ್ಸಾದವರ ಪಾಲು ದೊಡ್ಡದು.

## ಸಂಗ್ರಹವಾಗುವ ಮುಖ್ಯ ಸಸ್ಯಗಳು

| ಸಸ್ಯ | ಸಸ್ಯಶಾಸ್ತ್ರೀಯ ಹೆಸರು | ಸಂಗ್ರಹಿಸುವ ಭಾಗ | ಸಾಮಾನ್ಯ ಕಾಲ |
|---|---|---|---|
| ಸೀತಾಫಲ | ಅನೋನಾ ಸ್ಕ್ವಾಮೋಸಾ | ಹಣ್ಣು | ಆಗಸ್ಟ್–ನವೆಂಬರ್ |
| ಹುಣಸೆ | ಟ್ಯಾಮರಿಂಡಸ್ ಇಂಡಿಕಾ | ಹಣ್ಣು, ಬೀಜ | ಜನವರಿ–ಏಪ್ರಿಲ್ |
| ಹೊಂಗೆ | ಪೊಂಗಾಮಿಯಾ ಪಿನ್ನಾಟಾ | ಬೀಜ | ಫೆಬ್ರವರಿ–ಮೇ |
| ಬೇವು | ಅಜಾಡಿರಾಕ್ಟಾ ಇಂಡಿಕಾ | ಬೀಜ | ಜೂನ್–ಆಗಸ್ಟ್ |
| ನೇರಳೆ | ಸೈಜೀಜಿಯಂ ಕ್ಯುಮಿನಿ | ಹಣ್ಣು | ಜೂನ್–ಜುಲೈ |
| ಬೆಟ್ಟದ ನೆಲ್ಲಿ | ಫಿಲಾಂಥಸ್ ಎಂಬ್ಲಿಕಾ | ಕಾಯಿ | ನವೆಂಬರ್–ಜನವರಿ |
| ಎಲಚಿ ಅಥವಾ ಬೋರೆ | ಜಿಜಿಫಸ್ ಮಾರಿಷಿಯಾನಾ | ಹಣ್ಣು | ಡಿಸೆಂಬರ್–ಫೆಬ್ರವರಿ |
| ಕವಳೆ | ಕ್ಯಾರಿಸ್ಸಾ ಪ್ರಭೇದಗಳು | ಕಾಯಿ, ಹಣ್ಣು | ಮೇ–ಜುಲೈ |
| ತಂಗಡಿ ಅಥವಾ ಆವರಿಕೆ | ಸೆನ್ನಾ ಆರಿಕ್ಯುಲೇಟಾ | ಹೂವು, ತೊಗಟೆ | ವರ್ಷದ ಬಹುಭಾಗ |
| ಈಚಲು | ಫೀನಿಕ್ಸ್ ಸಿಲ್ವೆಸ್ಟ್ರಿಸ್ | ಗರಿ, ಹಣ್ಣು | ಗರಿ ವರ್ಷದ ಬಹುಭಾಗ |

ಇವಲ್ಲದೆ ಸೀಗೆಕಾಯಿ, ಅಂಟುವಾಳ, ಕಾರೆಹಣ್ಣು, ಅಂಟು ಮತ್ತು ಜೇನು ಸಹ ಸಂಗ್ರಹವಾಗುತ್ತವೆ. ಸೀತಾಫಲವು ಮೂಲತಃ ಅಮೆರಿಕ ಖಂಡದ ಉಷ್ಣವಲಯದ ಗಿಡವಾದರೂ ದಖ್ಖನಿನ ಕಲ್ಲುಗುಡ್ಡಗಳಿಗೆ ಒಗ್ಗಿಕೊಂಡು ಇಲ್ಲಿ ಕಾಡುಗಿಡವಾಗಿಯೇ ಬೆಳೆಯುತ್ತದೆ. ತಂಗಡಿಯ ತೊಗಟೆಯನ್ನು ಹಿಂದೆ ಚರ್ಮ ಹದಮಾಡಲು ಹೇರಳವಾಗಿ ಬಳಸಲಾಗುತ್ತಿತ್ತು. ಈಚಲಿನ ಗರಿಯಿಂದ ಪೊರಕೆ, ಚಾಪೆ ಮತ್ತು ಬುಟ್ಟಿಗಳನ್ನು ಹೆಣೆಯುತ್ತಾರೆ. ಈಚಲು ಮರದಿಂದ ಸೇಂದಿ ಇಳಿಸುವುದು ಅಬಕಾರಿ ಕಾಯ್ದೆಗೆ ಒಳಪಟ್ಟ ಬೇರೆಯೇ ವಿಷಯವಾಗಿದೆ.

## ಇತಿಹಾಸ

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ 1864ರಲ್ಲಿ ಸ್ಥಾಪನೆಯಾಯಿತು. ಅನಂತರ ಕಾಡುಗಳನ್ನು ಗಡಿ ಗುರುತಿಸಿ ಕಾದಿಡುವ ಕಾರ್ಯ ನಡೆದು, 1900ರಲ್ಲಿ ಮೈಸೂರು ಅರಣ್ಯ ನಿಬಂಧನೆ ಜಾರಿಗೆ ಬಂದಿತು. ಅದುವರೆಗೆ ಊರಿನವರ ರೂಢಿಯಂತೆ ಬಳಕೆಯಾಗುತ್ತಿದ್ದ ಗುಡ್ಡಗಳು ಕ್ರಮೇಣ ಸರ್ಕಾರದ ಅರಣ್ಯಗಳಾದವು. ಗಡಿ ನಿಗದಿಯ ಕಾಲದಲ್ಲಿ ದಾಖಲಾದ ಸವಲತ್ತುಗಳು ಮಾತ್ರ ಉಳಿದವು. ದಾಖಲಾಗದ ರೂಢಿಗಳಿಗೆ ಕಾನೂನಿನ ಆಸರೆ ಇಲ್ಲವಾಯಿತು.

ರಾಜ್ಯ ಪುನರ್ವಿಂಗಡಣೆಯ ಬಳಿಕ ಹಳೆಯ ನಿಬಂಧನೆಗಳ ಸ್ಥಾನದಲ್ಲಿ ಕರ್ನಾಟಕ ಅರಣ್ಯ ಕಾಯ್ದೆ, 1963 ಮತ್ತು ಕರ್ನಾಟಕ ಅರಣ್ಯ ನಿಯಮಗಳು, 1969 ಬಂದವು. 1993ರಲ್ಲಿ ರಾಜ್ಯ ಸರ್ಕಾರವು ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿ, ಗ್ರಾಮ ಅರಣ್ಯ ಸಮಿತಿಗಳ ಮೂಲಕ ಸ್ಥಳೀಯರಿಗೆ ಅರಣ್ಯದ ಉತ್ಪನ್ನದಲ್ಲಿ ಪಾಲು ನೀಡುವ ವ್ಯವಸ್ಥೆ ಮಾಡಿತು. 2006ರಲ್ಲಿ ಸಂಸತ್ತು ಪರಿಶಿಷ್ಟ ಪಂಗಡಗಳು ಮತ್ತು ಇತರೆ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಕಾಯ್ದೆಯನ್ನು ಅಂಗೀಕರಿಸಿತು. ಈ ಕಾಯ್ದೆಯು 2007ರ ಡಿಸೆಂಬರ್ 31ರಂದು ಜಾರಿಗೆ ಬಂದಿತು; ಇದರ ನಿಯಮಗಳು 2008ರ ಜನವರಿ 1ರಂದು ಪ್ರಕಟವಾಗಿ, 2012ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದವು.

## ಕಾನೂನಿನಲ್ಲಿ ಅರಣ್ಯ ಉತ್ಪನ್ನ

ಕರ್ನಾಟಕ ಅರಣ್ಯ ಕಾಯ್ದೆಯು ಅರಣ್ಯ ಉತ್ಪನ್ನಗಳನ್ನು ಎರಡು ಗುಂಪುಗಳಾಗಿ ನೋಡುತ್ತದೆ. ಮರಮುಟ್ಟು, ಇದ್ದಿಲು, ಶ್ರೀಗಂಧದಂಥ ಕೆಲವು ವಸ್ತುಗಳು ಕಾಡಿನಲ್ಲಿ ದೊರೆತರೂ ಹೊಲದಲ್ಲಿ ದೊರೆತರೂ ಅರಣ್ಯ ಉತ್ಪನ್ನಗಳೇ. ಎಲೆ, ಹೂವು, ಹಣ್ಣು, ಹುಲ್ಲು ಮೊದಲಾದವು ಅರಣ್ಯದಲ್ಲಿ ದೊರೆತಾಗ ಅಥವಾ ಅರಣ್ಯದಿಂದ ತಂದಾಗ ಮಾತ್ರ ಅರಣ್ಯ ಉತ್ಪನ್ನಗಳಾಗುತ್ತವೆ. ಆದ್ದರಿಂದ ಹೊಲದ ಬದುವಿನ ಸೀತಾಫಲಕ್ಕೂ ಕಾದಿಟ್ಟ ಅರಣ್ಯದ ಸೀತಾಫಲಕ್ಕೂ ರುಚಿಯಲ್ಲಿ ಭೇದವಿಲ್ಲದಿದ್ದರೂ ಕಾನೂನಿನಲ್ಲಿ ಭೇದವಿದೆ.

ಅರಣ್ಯ ಹಕ್ಕು ಕಾಯ್ದೆಯು ಸಸ್ಯಮೂಲದ, ಮರಮುಟ್ಟಲ್ಲದ ಎಲ್ಲ ಅರಣ್ಯ ಉತ್ಪನ್ನಗಳನ್ನೂ ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿಸುತ್ತದೆ. ಬಿದಿರು, ಬೆತ್ತ, ಕುರುಚಲು, ಜೇನು, ಮೇಣ, ಅರಗು, ಬೀಡಿ ಎಲೆ, ಔಷಧೀಯ ಸಸ್ಯಗಳು, ಗೆಡ್ಡೆ ಮತ್ತು ಬೇರುಗಳನ್ನು ಅದು ಹೆಸರಿಸಿಯೇ ಸೇರಿಸಿದೆ.

## ನೆಲದ ಬಗೆ ಮತ್ತು ಅನುಮತಿ

### ಕಾದಿಟ್ಟ ಅರಣ್ಯ

ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಮಿನ ಪ್ರಾಥಮಿಕ ಅಧಿಸೂಚನೆ ಮತ್ತು 17ನೇ ಕಲಮಿನ ಅಂತಿಮ ಅಧಿಸೂಚನೆಯ ಮೂಲಕ ಒಂದು ಪ್ರದೇಶ ಕಾದಿಟ್ಟ ಅರಣ್ಯವಾಗುತ್ತದೆ. ಇಂತಹ ಅರಣ್ಯದಲ್ಲಿ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವುದು ಅಥವಾ ಸಾಗಿಸುವುದು 24ನೇ ಕಲಮಿನಡಿ ಅಪರಾಧವಾಗಿದೆ. ಅರಣ್ಯಾಧಿಕಾರಿಯ ಲಿಖಿತ ಅನುಮತಿ, ನಿಯಮಗಳಲ್ಲಿ ನೀಡಿದ ಸವಲತ್ತು ಅಥವಾ ಅರಣ್ಯ ಹಕ್ಕು ಕಾಯ್ದೆಯ ಹಕ್ಕು, ಈ ಮೂರರಲ್ಲಿ ಒಂದು ಇದ್ದಾಗ ಸಂಗ್ರಹ ಕಾನೂನುಬದ್ಧವಾಗುತ್ತದೆ. ಅನುಮತಿಗೆ ಆಯಾ ವಲಯ ಅರಣ್ಯಾಧಿಕಾರಿಯ ಕಚೇರಿಯನ್ನು ಮೊದಲು ಸಂಪರ್ಕಿಸಬೇಕು. ವಲಯಗಳ ಮೇಲೆ ಚಿತ್ರದುರ್ಗ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯ ಕಚೇರಿ ಇದೆ.

ವಾಣಿಜ್ಯ ಪ್ರಮಾಣದ ಸಂಗ್ರಹದ ಹಕ್ಕನ್ನು ಇಲಾಖೆಯು ಟೆಂಡರ್ ಅಥವಾ ಹರಾಜಿನ ಮೂಲಕ ನಿಗದಿತ ಅವಧಿಗೆ ಗುತ್ತಿಗೆ ಕೊಡುವ ಪದ್ಧತಿ ರಾಜ್ಯದಲ್ಲಿದೆ. ಬುಡಕಟ್ಟು ಜನರು ಹೆಚ್ಚಾಗಿರುವ ಜಿಲ್ಲೆಗಳಲ್ಲಿ ಲ್ಯಾಂಪ್ಸ್ ಎಂದು ಕರೆಯಲಾಗುವ ಆದಿವಾಸಿ ವಿವಿಧೋದ್ದೇಶ ಸಹಕಾರ ಸಂಘಗಳಿಗೆ ಈ ಹಕ್ಕನ್ನು ನೀಡಲಾಗುತ್ತದೆ. ಗ್ರಾಮ ಅರಣ್ಯ ಸಮಿತಿ ಇರುವ ಊರುಗಳಲ್ಲಿ ಸಮಿತಿಯ ನಿರ್ವಹಣಾ ಯೋಜನೆಯಂತೆ ಸದಸ್ಯರಿಗೆ ಪಾಲು ದೊರೆಯುತ್ತದೆ.

### ವನ್ಯಜೀವಿಧಾಮ

ಜೋಗಿಮಟ್ಟಿಯಂತಹ ವನ್ಯಜೀವಿಧಾಮದ ಒಳಗೆ ನಿಯಮ ಹೆಚ್ಚು ಬಿಗಿಯಾಗಿದೆ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 29ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿಯಿಲ್ಲದೆ ಅಲ್ಲಿಂದ ಅರಣ್ಯ ಉತ್ಪನ್ನವನ್ನು ತೆಗೆಯುವಂತಿಲ್ಲ. ಹಾಗೆ ತೆಗೆದ ಉತ್ಪನ್ನವನ್ನು ಧಾಮದ ಒಳಗೆ ಮತ್ತು ಸುತ್ತಮುತ್ತ ವಾಸಿಸುವವರ ಸ್ವಂತ ನೈಜ ಅಗತ್ಯಕ್ಕೆ ಬಳಸಬಹುದೇ ಹೊರತು ವಾಣಿಜ್ಯಕ್ಕೆ ಬಳಸುವಂತಿಲ್ಲ ಎಂದು 2002ರ ತಿದ್ದುಪಡಿ ಸೇರಿಸಿತು. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಿಂದ ಒಣಗಿದ ಮರ, ಹುಲ್ಲು ಮೊದಲಾದವನ್ನು ತೆಗೆಯುವುದರ ಮೇಲೆ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ 2000ದ ಫೆಬ್ರವರಿ 14ರಂದು ನಿರ್ಬಂಧ ವಿಧಿಸಿತ್ತು.

ಅರಣ್ಯ ಹಕ್ಕು ಕಾಯ್ದೆಯ ವ್ಯಾಖ್ಯೆಯಲ್ಲಿ ಅರಣ್ಯ ಭೂಮಿ ಎಂದರೆ ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನವೂ ಸೇರುತ್ತವೆ. ಆದ್ದರಿಂದ ಧಾಮವೆಂಬ ಒಂದೇ ಕಾರಣದಿಂದ ಅಲ್ಲಿನ ಅರಣ್ಯವಾಸಿಗಳ ಕ್ಲೇಮನ್ನು ತಿರಸ್ಕರಿಸಲಾಗದು.

### ಗೋಮಾಳ ಮತ್ತು ಅಮೃತಮಹಲ್ ಕಾವಲು

ಗೋಮಾಳವು ಕಂದಾಯ ಇಲಾಖೆಯ ಅಧೀನದಲ್ಲಿ, ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ವ್ಯಾಪ್ತಿಯಲ್ಲಿದೆ. ಇಲ್ಲಿನ ವಿಚಾರಣೆಗೆ ತಹಶೀಲ್ದಾರರ ಕಚೇರಿಯನ್ನು ಸಂಪರ್ಕಿಸಬೇಕು. ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು. ಚಿತ್ರದುರ್ಗ ಜಿಲ್ಲೆಯಲ್ಲಿ ಇಂತಹ ಕಾವಲುಗಳು ಹಲವು ಇವೆ. ಇವು ಮೇಲ್ನೋಟಕ್ಕೆ ಬರಿಯ ಬಯಲಿನಂತೆ ಕಂಡರೂ ಇವುಗಳಿಗೆ ಕರ್ನಾಟಕ ಅರಣ್ಯ ನಿಯಮಗಳ ರಕ್ಷಣೆಯೂ ಇದೆ. 2009–10ರಲ್ಲಿ ಚಳ್ಳಕೆರೆ ತಾಲೂಕಿನ ಕಾವಲು ಭೂಮಿಯನ್ನು ರಕ್ಷಣೆ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಮಂಜೂರು ಮಾಡಿದಾಗ, ಅಲ್ಲಿ ಕುರಿ ಮೇಯಿಸುತ್ತ ಸೌದೆ ಮತ್ತು ಸೊಪ್ಪು ತರುತ್ತಿದ್ದ ಹಳ್ಳಿಗಳವರ ಬಳಕೆಗೆ ದಾಖಲೆಯ ಆಧಾರವೇನು ಎಂಬ ಪ್ರಶ್ನೆ ಮುನ್ನೆಲೆಗೆ ಬಂದಿತು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು.

### ಸಾಲುಮರ ಮತ್ತು ಸಾರ್ವಜನಿಕ ಸ್ಥಳ

ರಸ್ತೆ ಬದಿಯ ಹುಣಸೆ ಮರಗಳು ಯಾರಿಗೂ ಸೇರದವು ಎಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಅವು ಸ್ಥಳವನ್ನು ಅವಲಂಬಿಸಿ ಅರಣ್ಯ ಇಲಾಖೆ, ಲೋಕೋಪಯೋಗಿ ಇಲಾಖೆ ಅಥವಾ ಗ್ರಾಮ ಪಂಚಾಯಿತಿಯ ಅಧೀನದಲ್ಲಿರುತ್ತವೆ. ಫಸಲನ್ನು ಹರಾಜು ಹಾಕುವುದು ರೂಢಿ. ಹರಾಜು ಹಿಡಿದವರಿಗೆ ಆ ಹಂಗಾಮಿನ ಹಣ್ಣಿನ ಮೇಲೆ ಮಾತ್ರ ಹಕ್ಕಿದ್ದು, ಕೊಂಬೆ ಕಡಿಯುವ ಹಕ್ಕಿರುವುದಿಲ್ಲ.

### ಖಾಸಗಿ ಜಮೀನು

ಪಟ್ಟಾ ಜಮೀನಿನ ಕಾಡುಹಣ್ಣಿಗೆ ಜಮೀನಿನ ಒಡೆಯರ ಒಪ್ಪಿಗೆ ಸಾಕು. ಮರ ಕಡಿಯುವುದಾದರೆ ಮಾತ್ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅನ್ವಯವಾಗುತ್ತದೆ. ಶ್ರೀಗಂಧಕ್ಕೆ ಪ್ರತ್ಯೇಕ ನಿಯಮಗಳಿವೆ.

### ನೆಲದ ಬಗೆಯನ್ನು ತಿಳಿಯುವುದು

ಪಹಣಿ, ಗ್ರಾಮ ನಕ್ಷೆ ಮತ್ತು ಅರಣ್ಯ ಅಧಿಸೂಚನೆ ಇವು ಮೂರನ್ನೂ ಹೋಲಿಸಿ ನೋಡುವುದು ಸುರಕ್ಷಿತ ಮಾರ್ಗ. ಅರಣ್ಯವೆಂದು ಅಧಿಸೂಚನೆಯಾಗಿದ್ದರೂ ಪಹಣಿಯಲ್ಲಿ ಸರ್ಕಾರಿ ಭೂಮಿ ಅಥವಾ ಗೋಮಾಳವೆಂದೇ ಉಳಿದಿರುವ ಸರ್ವೆ ನಂಬರುಗಳು ರಾಜ್ಯದಲ್ಲಿ ಅನೇಕ ಇವೆ. ಪಹಣಿಯೊಂದನ್ನೇ ನಂಬಿದವರು ಅರಿಯದೆ ಅಪರಾಧಕ್ಕೆ ಒಳಗಾಗಬಹುದು.

## ಅರಣ್ಯ ಹಕ್ಕು ಕಾಯ್ದೆಯಡಿಯ ಹಕ್ಕು

ಕಾಯ್ದೆಯ 3(1)(ಸಿ) ಕಲಂ, ಊರಿನ ಗಡಿಯ ಒಳಗೆ ಅಥವಾ ಹೊರಗೆ ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ, ಅವನ್ನು ಸಂಗ್ರಹಿಸುವ, ಬಳಸುವ ಮತ್ತು ವಿಲೇವಾರಿ ಮಾಡುವ ಹಕ್ಕನ್ನೂ ಮಾನ್ಯ ಮಾಡುತ್ತದೆ. ವಿಲೇವಾರಿ ಎಂಬ ಪದದಲ್ಲಿ ಮಾರಾಟವೂ ಸೇರಿದೆ. 2012ರ ತಿದ್ದುಪಡಿ ನಿಯಮಗಳಂತೆ ಈ ಸಂಗ್ರಹಕ್ಕೆ ರಾಜಧನ, ಶುಲ್ಕ ಅಥವಾ ಬೇರಾವುದೇ ಆಕರಣೆ ಇಲ್ಲ.

### ಅರ್ಹತೆ

ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಮುಖ್ಯವಾಗಿ ಅರಣ್ಯದಲ್ಲಿ ವಾಸಿಸುತ್ತ, ನೈಜ ಜೀವನೋಪಾಯಕ್ಕಾಗಿ ಅರಣ್ಯ ಅಥವಾ ಅರಣ್ಯ ಭೂಮಿಯನ್ನು ಅವಲಂಬಿಸಿರಬೇಕು. ಇತರೆ ಪಾರಂಪರಿಕ ಅರಣ್ಯವಾಸಿಗಳು ಅದೇ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರುಗಳ ಕಾಲ ಹಾಗೆ ವಾಸಿಸಿ ಅವಲಂಬಿಸಿರಬೇಕು. ಒಂದು ತಲೆಮಾರಿಗೆ 25 ವರ್ಷಗಳೆಂದು ಕಾಯ್ದೆ ಹೇಳುವುದರಿಂದ ಒಟ್ಟು 75 ವರ್ಷ, ಅಂದರೆ 1930ರ ಡಿಸೆಂಬರ್‌ನಿಂದ ಈಚಿನ ನೆಲೆಯನ್ನು ತೋರಿಸಬೇಕಾಗುತ್ತದೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಈ ಭೇದದ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಮ್ಯಾಸಬೇಡರನ್ನು ಒಳಗೊಂಡ ನಾಯಕ ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಿದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ್ದಾರೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಬಹುಕಾಲದ್ದಾಗಿದ್ದು, ರಾಜ್ಯ ಸರ್ಕಾರವು ಕೇಂದ್ರಕ್ಕೆ ಶಿಫಾರಸು ಮಾಡಿದೆ. ಸೇರ್ಪಡೆಯಾಗುವವರೆಗೆ ಅವರು ಈ ಕಾಯ್ದೆಯ ದೃಷ್ಟಿಯಲ್ಲಿ ಇತರೆ ಪಾರಂಪರಿಕ ಅರಣ್ಯವಾಸಿಗಳೇ. ಹೀಗಾಗಿ ಒಂದೇ ಗುಡ್ಡದ ತಪ್ಪಲಿನಲ್ಲಿ ನೆಲೆಸಿ, ಒಂದೇ ಮರದ ಹಣ್ಣನ್ನು ಆರಿಸುವ ಎರಡು ಹಟ್ಟಿಗಳ ಪೈಕಿ ಒಂದಕ್ಕೆ 2005ರ ವಾಸದ ಪುರಾವೆ ಸಾಕಾಗುತ್ತದೆ. ಮತ್ತೊಂದು 75 ವರ್ಷಗಳ ಪುರಾವೆಯನ್ನು ಹುಡುಕಬೇಕಾಗುತ್ತದೆ. ಅಕ್ಷರಬಲವಿಲ್ಲದ, ಮನೆಯಲ್ಲಿ ಕಾಗದ ಉಳಿಸಿಕೊಳ್ಳದ ಹಟ್ಟಿಗಳಿಗೆ ಇದು ದೊಡ್ಡ ತೊಡಕಾಗಿದೆ.

### ಪುರಾವೆಗಳು

ನಿಯಮ 13 ಈ ತೊಡಕಿಗೆ ಸ್ವಲ್ಪಮಟ್ಟಿನ ಪರಿಹಾರ ಒದಗಿಸುತ್ತದೆ. ಸರ್ಕಾರಿ ಕಾಗದಪತ್ರಗಳಷ್ಟೇ ಪುರಾವೆಗಳಲ್ಲ. ಅದರಲ್ಲಿ ಹೇಳಿರುವ ಮುಖ್ಯ ಪುರಾವೆಗಳು ಹೀಗಿವೆ:

* ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಸೆಟಲ್‌ಮೆಂಟ್ ವರದಿ, ನಕ್ಷೆ, ಅರಣ್ಯ ಕಾರ್ಯಯೋಜನೆ ಮೊದಲಾದ ಸಾರ್ವಜನಿಕ ದಾಖಲೆಗಳು;
* ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಮನೆ ಕಂದಾಯದ ರಸೀದಿ;
* ಬಾವಿ, ಸ್ಮಶಾನ, ಪವಿತ್ರ ಸ್ಥಳ ಮೊದಲಾದ ಭೌತಿಕ ಕುರುಹುಗಳು;
* ಹಳೆಯ ದಾಖಲೆಗಳಲ್ಲಿ ಕಾಣುವ ಪೂರ್ವಿಕರವರೆಗೆ ವಂಶಾವಳಿ;
* ಕ್ಲೇಮುದಾರರಲ್ಲದ ಹಿರಿಯರ ಹೇಳಿಕೆಯ ಲಿಖಿತ ರೂಪ.

ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಪುರಾವೆಗಳನ್ನು ಒದಗಿಸಬೇಕು. ಗುಡ್ಡದ ಮೇಲಿನ ಪೂರ್ವಿಕರ ಗುಡಿಗಳು, ದೇವರ ಎತ್ತುಗಳ ಗೂಡುಗಳು, ಹಳೆಯ ಹಟ್ಟಿಯ ನೆಲೆಗಳು ಈ ಜಿಲ್ಲೆಯ ಮ್ಯಾಸಬೇಡರು ಮತ್ತು ಕಾಡುಗೊಲ್ಲರ ಪರಂಪರೆಯಲ್ಲಿ ಹೇರಳವಾಗಿದ್ದು, ಭೌತಿಕ ಕುರುಹುಗಳಾಗಿ ದಾಖಲಿಸಲು ಯೋಗ್ಯವಾಗಿವೆ.

### ಕ್ಲೇಮಿನ ಹಂತಗಳು

1. ಗ್ರಾಮ ಸಭೆಯು ಸೇರಿ 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಸದಸ್ಯರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು.
2. ಸಾಗುವಳಿ ಮತ್ತು ವಾಸದ ಭೂಮಿಗೆ ನಮೂನೆ ಎ, ಕಿರು ಅರಣ್ಯ ಉತ್ಪನ್ನ ಸೇರಿದಂತೆ ಸಮುದಾಯ ಹಕ್ಕುಗಳಿಗೆ ನಮೂನೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ನಮೂನೆ ಸಿ ಬಳಕೆಯಾಗುತ್ತದೆ.
3. ಸಮಿತಿಯು ಅರಣ್ಯ ಇಲಾಖೆಗೆ ತಿಳಿಸಿ ಸ್ಥಳ ಪರಿಶೀಲನೆ ನಡೆಸಿ, ನಕ್ಷೆ ಸಿದ್ಧಪಡಿಸಿ, ತನ್ನ ಅಭಿಪ್ರಾಯವನ್ನು ಗ್ರಾಮ ಸಭೆಯ ಮುಂದಿಡುತ್ತದೆ.
4. ಗ್ರಾಮ ಸಭೆಯು ನಿರ್ಣಯ ಅಂಗೀಕರಿಸುತ್ತದೆ. ಇದಕ್ಕೆ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಹಾಜರಿರಬೇಕು. ಹಾಜರಾದವರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು.
5. ನಿರ್ಣಯವು ಉಪವಿಭಾಗ ಮಟ್ಟದ ಸಮಿತಿಗೂ, ಅಲ್ಲಿಂದ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೂ ಹೋಗುತ್ತದೆ. ಜಿಲ್ಲಾ ಸಮಿತಿಯ ತೀರ್ಮಾನ ಅಂತಿಮವಾಗಿರುತ್ತದೆ.

ಗ್ರಾಮ ಸಭೆಯ ನಿರ್ಣಯದಿಂದ ಬಾಧಿತರಾದವರು 60 ದಿನಗಳೊಳಗೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದಿಂದ ಬಾಧಿತರಾದವರು 60 ದಿನಗಳೊಳಗೆ ಜಿಲ್ಲಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಗ್ರಾಮ ಸಭೆಯನ್ನು ಇಡೀ ಪಂಚಾಯಿತಿಗೆ ಒಂದರಂತೆ ಸೇರಿಸದೆ ಹಟ್ಟಿ, ತಾಂಡಾಗಳ ಮಟ್ಟದಲ್ಲಿಯೇ ಸೇರಿಸಬೇಕೆಂದು ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯವು 2012ರ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಪಂಚಾಯಿತಿಗಳಿಗೆ ಕಿರು ಅರಣ್ಯ ಉತ್ಪನ್ನದ ಒಡೆತನ ನೀಡುವ 1996ರ ಪೆಸಾ ಕಾಯ್ದೆ ಈ ಜಿಲ್ಲೆಗೆ ಅನ್ವಯಿಸುವುದಿಲ್ಲ. ಅದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಸೀಮಿತವಾಗಿದ್ದು, ಕರ್ನಾಟಕದಲ್ಲಿ ಅಂತಹ ಪ್ರದೇಶಗಳಿಲ್ಲ. ಆದ್ದರಿಂದ ಇಲ್ಲಿನ ಸಮುದಾಯಗಳಿಗೆ 2006ರ ಕಾಯ್ದೆಯೇ ಮುಖ್ಯ ಆಧಾರವಾಗಿದೆ.

## ಸಾಗಣೆ ಮತ್ತು ಮಾರಾಟ

ಅರಣ್ಯ ಉತ್ಪನ್ನದ ಸಾಗಣೆಗೆ ಅರಣ್ಯ ಇಲಾಖೆಯ ಸಾಗಣೆ ಪರವಾನಗಿ ಅಥವಾ ರಹದಾರಿ ಬೇಕಾಗುತ್ತದೆ. ಸಂಗ್ರಹಕ್ಕೆ ಅನುಮತಿ ಇದ್ದು ರಹದಾರಿ ಇಲ್ಲದಿದ್ದರೂ ಮಾಲು ಜಪ್ತಿಯಾಗಬಹುದು. ಅರಣ್ಯ ಹಕ್ಕಿನಡಿ ಸಂಗ್ರಹಿಸಿದ ಉತ್ಪನ್ನದ ರಹದಾರಿಯನ್ನು ಗ್ರಾಮ ಸಭೆ ರಚಿಸಿದ ಸಮಿತಿ ಅಥವಾ ಗ್ರಾಮ ಸಭೆಯು ಅಧಿಕಾರ ಕೊಟ್ಟ ವ್ಯಕ್ತಿ ನೀಡಬಹುದು. ರಹದಾರಿಯ ವಿಧಿವಿಧಾನವು ವಿಲೇವಾರಿಯ ಹಕ್ಕನ್ನು ಮೊಟಕುಗೊಳಿಸಬಾರದೆಂದೂ ನಿಯಮ ಹೇಳುತ್ತದೆ.

ಕಿರು ಅರಣ್ಯ ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆ ನೀಡುವ ಕೇಂದ್ರ ಯೋಜನೆ 2013–14ರಲ್ಲಿ ಆರಂಭವಾಯಿತು. ಅದರ ಮೊದಲ ಪಟ್ಟಿಯಲ್ಲಿಯೇ ಹುಣಸೆ, ಹೊಂಗೆ ಬೀಜ ಮತ್ತು ಜೇನು ಇದ್ದವು. ಆರಂಭದಲ್ಲಿ ಐದನೇ ಅನುಸೂಚಿಯ ಪ್ರದೇಶಗಳಿರುವ ರಾಜ್ಯಗಳಿಗೆ ಸೀಮಿತವಾಗಿದ್ದ ಈ ಯೋಜನೆಯನ್ನು 2016ರಲ್ಲಿ ಎಲ್ಲ ರಾಜ್ಯಗಳಿಗೂ ವಿಸ್ತರಿಸಲಾಯಿತು. ಬೇಗ ಕೆಡುವ ಸೀತಾಫಲದಂತಹ ಹಣ್ಣುಗಳನ್ನು ಮಾತ್ರ ಸಂಗ್ರಹಿಸಿದ ಒಂದೆರಡು ದಿನಗಳಲ್ಲಿ ಮಾರಲೇಬೇಕಾದುದರಿಂದ ಅವುಗಳ ಬೆಲೆ ಹೆಚ್ಚಾಗಿ ಮಧ್ಯವರ್ತಿಗಳ ಕೈಯಲ್ಲಿಯೇ ಇರುತ್ತದೆ.

## ಜೀವವೈವಿಧ್ಯ ಕಾಯ್ದೆ

ಜೀವವೈವಿಧ್ಯ ಕಾಯ್ದೆ, 2002ರ 7ನೇ ಕಲಮಿನಂತೆ ಭಾರತೀಯ ವ್ಯಕ್ತಿಗಳು ಮತ್ತು ಸಂಸ್ಥೆಗಳು ಜೈವಿಕ ಸಂಪನ್ಮೂಲವನ್ನು ವಾಣಿಜ್ಯಕ್ಕೆ ಬಳಸುವ ಮುನ್ನ ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು. ಸ್ಥಳೀಯ ಜನರಿಗೂ ಸಮುದಾಯಗಳಿಗೂ, ಪಾರಂಪರಿಕ ವೈದ್ಯರಿಗೂ ಇದರಿಂದ ವಿನಾಯಿತಿ ಇದೆ. 2023ರ ತಿದ್ದುಪಡಿಯು ನೋಂದಾಯಿತ ಆಯುಷ್ ವೈದ್ಯರಿಗೂ, ಬೇಸಾಯದಿಂದ ಬೆಳೆದ ಔಷಧೀಯ ಸಸ್ಯಗಳಿಗೂ ವಿನಾಯಿತಿಯನ್ನು ವಿಸ್ತರಿಸಿತು. ಹೀಗಾಗಿ ನೆಲ್ಲಿಕಾಯಿ ಆರಿಸುವ ಹಟ್ಟಿಯವರಿಗೆ ಈ ಹೊಣೆ ಇಲ್ಲ. ಅದನ್ನು ಕೊಂಡು ಔಷಧಿ ತಯಾರಿಸುವ ಕಂಪನಿಗೆ ಇದೆ. ಸ್ಥಳೀಯ ಸಂಸ್ಥೆಗಳಲ್ಲಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುತ್ತವೆ. ವಾಣಿಜ್ಯ ಉದ್ದೇಶಕ್ಕೆ ತಮ್ಮ ವ್ಯಾಪ್ತಿಯಲ್ಲಿ ಸಂಗ್ರಹಿಸುವವರಿಗೆ ಶುಲ್ಕ ವಿಧಿಸುವ ಅಧಿಕಾರವೂ ಇವುಗಳಿಗಿದೆ.

## ವಿದ್ಯಾರ್ಥಿಗಳು ಮತ್ತು ಸಂಶೋಧಕರು

ಹರ್ಬೇರಿಯಂ ಮಾದರಿಗಾಗಿ ಒಂದೆರಡು ಕೊಂಬೆ ಕೀಳುವುದೂ ಕಾದಿಟ್ಟ ಅರಣ್ಯದಲ್ಲಿ ಅರಣ್ಯ ಉತ್ಪನ್ನದ ಸಂಗ್ರಹವೇ ಆಗುತ್ತದೆ. ಕಾಲೇಜು ಅಥವಾ ವಿಶ್ವವಿದ್ಯಾಲಯದ ಮುಖ್ಯಸ್ಥರ ಪತ್ರದೊಂದಿಗೆ ಅರಣ್ಯ ವಿಭಾಗದ ಕಚೇರಿಗೆ ಮುಂಚಿತವಾಗಿ ಮನವಿ ಸಲ್ಲಿಸಬೇಕು. ಮನವಿಯಲ್ಲಿ ಸ್ಥಳ, ಅವಧಿ, ಸಸ್ಯಗಳ ಹೆಸರು ಮತ್ತು ಮಾದರಿಗಳ ಪ್ರಮಾಣವನ್ನು ಸ್ಪಷ್ಟವಾಗಿ ಬರೆಯುವುದು ಒಳಿತು. ವನ್ಯಜೀವಿಧಾಮದಲ್ಲಿ ಅಧ್ಯಯನ ಮತ್ತು ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ವನ್ಯಜೀವಿ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಅಗತ್ಯ.

## ಸುಸ್ಥಿರ ಸಂಗ್ರಹ

ಹಕ್ಕಿನ ಜೊತೆಗೆ ಸಂರಕ್ಷಣೆಯ ಹೊಣೆಯೂ ಇದೆ. ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ ವನ್ಯಜೀವಿ, ಅರಣ್ಯ ಮತ್ತು ಜೀವವೈವಿಧ್ಯವನ್ನು ಕಾಯುವ ಅಧಿಕಾರವನ್ನು ಗ್ರಾಮ ಸಭೆಗೆ ನೀಡಿದೆ. ಹಣ್ಣು ಮತ್ತು ಬೀಜ ಆರಿಸುವುದರಿಂದ ಗಿಡಕ್ಕೆ ಆಗುವ ಹಾನಿ ಕಡಿಮೆ. ತೊಗಟೆ ಸುಲಿಯುವುದು ಮತ್ತು ಬೇರು ಅಗೆಯುವುದು ಗಿಡದ ಜೀವಕ್ಕೇ ಅಪಾಯ. ನೆಲ್ಲಿಕಾಯಿಗಾಗಿ ಕೊಂಬೆ ಕಡಿದರೆ ಮುಂದಿನ ವರ್ಷಗಳ ಫಸಲು ಕುಂದುತ್ತದೆ. ಎಳೆಯ ಕಾಯಿಗಳನ್ನು ಬಿಡುವುದು, ಒಂದು ಭಾಗವನ್ನು ಪ್ರಾಣಿಪಕ್ಷಿಗಳಿಗೆ ಮತ್ತು ಬೀಜಪ್ರಸಾರಕ್ಕೆ ಉಳಿಸುವುದು, ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಎಚ್ಚರ ವಹಿಸುವುದು, ಕರಡಿಗಳು ಸಂಚರಿಸುವ ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಒಂಟಿಯಾಗಿ ಹೋಗದಿರುವುದು ಮುಖ್ಯವಾಗಿವೆ.

## ಇತರೆಡೆಯ ಉದಾಹರಣೆಗಳು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲ್ಲಿ, ಜೇನು, ಪಾಚಿ ಮೊದಲಾದವನ್ನು ಸಂಗ್ರಹಿಸಿ ಬದುಕುತ್ತಿದ್ದರು. ಅದು ವನ್ಯಜೀವಿಧಾಮವಾದುದರಿಂದ 2002ರ ತಿದ್ದುಪಡಿಯ ಬಳಿಕ ಮಾರಾಟಕ್ಕಾಗಿ ನಡೆಯುತ್ತಿದ್ದ ಸಂಗ್ರಹಕ್ಕೆ ತಡೆ ಬಂದಿತು. 2011ರಲ್ಲಿ ಅಲ್ಲಿನ ಗ್ರಾಮ ಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕು ಮಾನ್ಯವಾದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಗ್ರಾಮ ಸಭೆಯು 2011ರಲ್ಲಿ ಬಿದಿರಿನ ರಹದಾರಿ ನೀಡುವ ಅಧಿಕಾರವನ್ನು ಪಡೆಯಿತು.

ವಿದೇಶಗಳಲ್ಲಿ ಸ್ವೀಡನ್ ಮತ್ತು ಫಿನ್ಲೆಂಡ್‌ಗಳಲ್ಲಿ ಕಾಡುಹಣ್ಣು ಮತ್ತು ಅಣಬೆಗಳನ್ನು ಇತರರ ಜಮೀನಿನಲ್ಲಿಯೂ ಆರಿಸುವ ಹಕ್ಕು ಎಲ್ಲರಿಗೂ ಇದೆ. ಇಂಗ್ಲೆಂಡಿನ 1968ರ ಕಳವು ಕಾಯ್ದೆಯಂತೆ ತಾನಾಗಿ ಬೆಳೆದ ಗಿಡದ ಹಣ್ಣನ್ನು ಕೀಳುವುದು ಕಳವಲ್ಲ; ಮಾರಾಟದ ಉದ್ದೇಶವಿದ್ದರೆ ಮಾತ್ರ ಕಳವಾಗಬಹುದು. ಭಾರತದಲ್ಲಿ ಎಲ್ಲರಿಗೂ ಅನ್ವಯಿಸುವ ಇಂತಹ ಸಾಮಾನ್ಯ ಹಕ್ಕಿಲ್ಲ. ಇಲ್ಲಿ ಹಕ್ಕು ಅರಣ್ಯವನ್ನೇ ನೆಚ್ಚಿಕೊಂಡಿರುವ ಸಮುದಾಯಗಳಿಗೆ ಮೀಸಲಾಗಿದೆ.

## ಸಮಸ್ಯೆಗಳು

ಅರಣ್ಯ ಹಕ್ಕಿನ ಚರ್ಚೆ ಬಹುತೇಕ ಸಾಗುವಳಿ ಭೂಮಿಯ ಸುತ್ತಲೇ ನಡೆಯುತ್ತದೆ. ಭೂಮಿಗಾಗಿ ನಮೂನೆ ಎ ತುಂಬುವ ಕುಟುಂಬಗಳು, ಹಣ್ಣು ಮತ್ತು ಬೀಜದ ಹಕ್ಕಿಗಾಗಿ ಇಡೀ ಹಟ್ಟಿ ಒಟ್ಟಾಗಿ ನಮೂನೆ ಬಿ ಸಲ್ಲಿಸಬಹುದೆಂಬುದನ್ನು ಅನೇಕ ವೇಳೆ ತಿಳಿದಿರುವುದಿಲ್ಲ. ಸಾಗುವಳಿ ಭೂಮಿಯಿಲ್ಲದವರಿಗೆ, ವಿಶೇಷವಾಗಿ ಕಾಡುಹಣ್ಣು ಮಾರಿ ಜೀವನ ಸಾಗಿಸುವ ಒಂಟಿ ಮಹಿಳೆಯರಿಗೆ, ಪ್ರಯೋಜನವಾಗುವುದು ಈ ಸಮುದಾಯ ಹಕ್ಕಿನಿಂದಲೇ. 2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯವು ಕ್ಲೇಮು ತಿರಸ್ಕೃತರಾದವರ ತೆರವಿಗೆ ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ಕ್ಲೇಮು ಸಲ್ಲಿಸುವಾಗ ಪುರಾವೆಗಳನ್ನು ಕ್ರಮವಾಗಿ ಜೋಡಿಸಿ, ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಪಡೆದುಕೊಳ್ಳುವುದರ ಮಹತ್ವವನ್ನು ಈ ಪ್ರಕರಣ ತೋರಿಸಿತು.

ದಾಖಲೆ ಇಲ್ಲದೆ ನಡೆಯುವ ಸಂಗ್ರಹವು ಸಂಗ್ರಹಿಸುವವರನ್ನು ಎರಡು ಕಡೆಯಿಂದ ದುರ್ಬಲಗೊಳಿಸುತ್ತದೆ. ಮಾಲು ಜಪ್ತಿಯಾಗುವ ಭಯ ಒಂದು ಕಡೆ. ಆ ಭಯದಿಂದಲೇ ಸಿಕ್ಕ ಬೆಲೆಗೆ ಮಾರಿಬಿಡುವ ಅನಿವಾರ್ಯತೆ ಮತ್ತೊಂದು ಕಡೆ. ಗ್ರಾಮ ಸಭೆಯ ನಿರ್ಣಯ ಮತ್ತು ಹಕ್ಕುಪತ್ರ ಕೈಯಲ್ಲಿದ್ದಾಗ ಅದೇ ಹಣ್ಣನ್ನು ಹಗಲಿನಲ್ಲಿ, ಸಂತೆಯಲ್ಲಿ, ತೂಕ ಮಾಡಿ ಮಾರಲು ಸಾಧ್ಯವಾಗುತ್ತದೆ.